ಹಳದಿ ಕಾರ್ಡಿನ ಹಿಂಬದಿ ಓದುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಕರ್ಮಾಂತರವೆಲ್ಲ ಮುಗಿದ ಮೇಲೆ. ಕೊರಟಗೆರೆಯಿಂದ ಬಂದಿದ್ದ ಗಿರಾಕಿಯೊಬ್ಬರು ಟಾರ್ಚಿಗೆ ಸೆಲ್ಲು ಹಾಕಿಸಿಕೊಳ್ಳುತ್ತಾ, "ನಿಮ್ಮ ಅಂಗಡೀಲಿ ಮುಂಚೆ ಕನ್ನಡಕದ ಮೇಡಮ್ಮೋರು ಒಬ್ರಿದ್ರಲ್ಲ, ಹೋಗ್ಬುಟ್ರು ಕಣ್ರೀ. ಕಾಮಾಲೆ ಆಗಿತ್ತಂತೆ" ಎಂದರು. ನಾನು ಸೆಲ್ಲುಗಳನ್ನು ತಿರುಗಾಮುರುಗಾ ಹಾಕಿ ಕೊಟ್ಟೆ. ಟಾರ್ಚು ಹತ್ತಲಿಲ್ಲ. ಗಿರಾಕಿಯೇ ಬಿಚ್ಚಿ ಸರಿಮಾಡಿಕೊಂಡು ಹೋದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಅವರ ಹೆಸರನ್ನು ನಾನು ಒಮ್ಮೆ ಬಳಸಬಾರದ ಕಡೆ ಬಳಸಿದ್ದೇನೆ ಎನ್ನುವುದು ಇನ್ನೊಂದು.

ಮಧುಗಿರಿಯ ಆ ರೇಡಿಯೋ ಅಂಗಡಿಗೆ ನಾನು ಸೇಲ್ಸ್‌ಮನ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಅವರು ಅಲ್ಲಿ ಆರೇಳು ವರ್ಷ ಕಳೆದಿದ್ದರು. ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು, ಟೈಪು ಮಾಡುವುದು, ಬಿಲ್ಲು ಹರಿಯುವುದು ಅವರ ಕೆಲಸ. ಕೊರಟಗೆರೆಯಲ್ಲಿ ಅಣ್ಣನ ಮನೆ, ಮದುವೆಯಾಗಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ಬಂದಿಳಿದು, ಮೇಜಿನ ಮೇಲೆ ಟಿಫನ್ ಡಬ್ಬಿ ಇಟ್ಟು, ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು ಕೂತರೆಂದರೆ ಅಂಗಡಿ ತೆರೆದಂತೆ. ಯಜಮಾನರು ಕಾಫಿ ತರಿಸಿದರೆ ಪೂರ್ತಿ ಆರಿದ ಮೇಲೇ ಕುಡಿಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ಬಿಸಿ ಇದ್ದಾಗ ರುಚಿ ಗೊತ್ತಾಗೋದಿಲ್ಲ ಎಂದಿದ್ದರು.

ಅಚ್ಚಾದದ್ದು ಏನೇ ಸಿಗಲಿ, ಓದುತ್ತಿದ್ದರು. ಬಸ್ ಟಿಕೆಟ್ಟಿನ ಹಿಂಬದಿ, ಬೆಂಕಿಪೊಟ್ಟಣದ ಚೀಟಿ, ಔಷಧಿ ಸೀಸೆಯ ಜೊತೆ ಮಡಿಸಿಟ್ಟಿರುವ ತೆಳು ಕಾಗದ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಹಳ್ಳಿಯವರು ರೇಡಿಯೋ ಕೊಂಡ ಮೇಲೆ ಅವರ ಮುಂದೆ ಬಂದು ಕೂರುತ್ತಿದ್ದರು. ಅವರು ಫಾರಂ ತುಂಬುವುದಷ್ಟೇ ಅಲ್ಲ, ಹೆಬ್ಬೆಟ್ಟು ಒತ್ತುವ ಮುಂಚೆ ಅದರಲ್ಲಿರುವುದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟು, ಒಂದು ಸಾಲು ಮುಗಿದ ಮೇಲೆ ಸ್ಕೇಲು ಕೆಳಗೆ ಸರಿಸಿ, ಮತ್ತೆ ಓದುವರು. ಗಿರಾಕಿಗೆ ಅವಸರವಿದ್ದರೂ ಅವರಿಗಿಲ್ಲ. "ಅಚ್ಚು ಹಾಕ್ಸಿರೋದು ಓದ್ಲಿ ಅಂತ ತಾನೆ?" ಎನ್ನುತ್ತಿದ್ದರು.

ರೇಡಿಯೋ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಟಿ.ವಿ. ಬಂದ ಮೇಲೆ.

ಎಂಬತ್ತರ ದಶಕದ ನಡುವೆ ನಮ್ಮ ಕಡೆಯೂ ಮನೆಗಳ ಮೇಲೆ ಉದ್ದುದ್ದ ಆಂಟೆನಾ ಕಂಬಗಳೆದ್ದವು. ಚುಕ್ಕಿಗಳ ಮಧ್ಯೆ ಬೊಂಬೆ ಕಂಡರೂ ಸಾಕು, ಜನ ಕೊಳ್ಳುತ್ತಿದ್ದರು. ಕಂಪನಿ ಒಂದು ವರ್ಷ ಗ್ಯಾರಂಟಿ ಕೊಡುತ್ತಿತ್ತು. ಅದು ಮುಗಿದ ಮೇಲೆ ಇನ್ನೂ ಎರಡು ವರ್ಷ ಅಂಗಡಿಯದೇ ಗ್ಯಾರಂಟಿ, ಅದಕ್ಕೆ ಬೇರೆ ದುಡ್ಡು ಎಂದು ನಮ್ಮ ಯಜಮಾನರು ಹೊಸ ಏರ್ಪಾಟು ಮಾಡಿದರು. ಬೆಂಗಳೂರಿನ ಯಾವುದೋ ದೊಡ್ಡ ಅಂಗಡಿಯ ಕಾರ್ಡನ್ನು ತಂದು, ಅಕ್ಷರ ಬಿಡದೆ ಇಂಗ್ಲಿಷಿನಲ್ಲೇ ತುಮಕೂರಿನ ಪ್ರೆಸ್ಸಿನಲ್ಲಿ ಹಳದಿ ಕಾಗದದ ಮೇಲೆ ಅಚ್ಚು ಹಾಕಿಸಿದರು. ಮುಂದುಗಡೆ ದಪ್ಪಕ್ಷರದಲ್ಲಿ ಮೂರು ವರ್ಷ ನಿಶ್ಚಿಂತೆ ಎಂಬ ಅರ್ಥದ ಮಾತು. ಹಿಂಬದಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹನ್ನೊಂದು ಷರತ್ತು. ಒಂದು ಕಾರ್ಡು ಮಾರಿದರೆ ನನಗೂ ಒಂದಿಷ್ಟು ಸಿಗುತ್ತಿತ್ತು. ಆಗತಾನೆ ಮದುವೆಯಾಗಿ ಬಾಡಿಗೆ ಮನೆ ಮಾಡಿದ್ದವನಿಗೆ ಅದು ಸಣ್ಣದಲ್ಲ.

ಮೊದಲ ಕಟ್ಟು ಬಂದ ದಿನವೇ ಅವರು ಒಂದು ಕಾರ್ಡನ್ನು ತೆಗೆದುಕೊಂಡು ಸ್ಕೇಲಿಟ್ಟು ಪೂರ್ತಿ ಓದಿದರು. ವೋಲ್ಟೇಜ್ ಏರುಪೇರಿನಿಂದ ಕೆಟ್ಟರೆ ಅಂಗಡಿ ಜವಾಬ್ದಾರಿಯಲ್ಲ. ಪಿಕ್ಚರ್ ಟ್ಯೂಬಿಗೆ ಗ್ಯಾರಂಟಿ ಇಲ್ಲ. ಸಿಡಿಲಿಗಿಲ್ಲ, ಆಂಟೆನಾಕ್ಕಿಲ್ಲ, ತರುವಾಗ ಒಯ್ಯುವಾಗ ಆದದ್ದಕ್ಕಿಲ್ಲ. ಓದಿ ಮುಗಿಸಿ, ಷೋಕೇಸಿನಲ್ಲಿದ್ದ ಟಿ.ವಿ.ಯ ಮರದ ಶಟರನ್ನು ಒಮ್ಮೆ ಸರ್ರನೆ ಎಳೆದು, ಮತ್ತೆ ಮುಚ್ಚಿ, "ಇದೊಂದು ಕೆಟ್ಟರೆ ಮಾಡ್ಕೊಡ್ತೀವಿ" ಎಂದರು. ಯಜಮಾನರು ನಕ್ಕರು. ಅವರು ತಮಾಷೆ ಮಾಡುತ್ತಿದ್ದಾರೆ ಎಂದೇ ನಾವಿಬ್ಬರೂ ತಿಳಿದೆವು.

ತಮಾಷೆಯಾಗಿರಲಿಲ್ಲ. ಟಿ.ವಿ. ಕೊಳ್ಳಲು ಬಂದವರಿಗೆಲ್ಲ ಅವರು ಹಿಂಬದಿ ಓದಿ ಹೇಳತೊಡಗಿದರು. ಕೊಳ್ಳಬೇಡಿ ಎಂದು ಒಬ್ಬರಿಗೂ ಹೇಳಿದವರಲ್ಲ. ಓದಿದ ಮೇಲೆ ಒಂದು ಪ್ರಶ್ನೆ ಕೇಳುವರು: ಸಂಜೆ ಹೊತ್ತು ನಿಮ್ಮನೆ ಬಲ್ಬು ಬೆಳ್ಳಗೆ ಉರೀತದಾ, ಕೆಂಪಗಾ? ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಇದಕ್ಕೆ ಉತ್ತರ ಒಂದೇ. ಎಲ್ಲರ ಬಾವಿಯ ಮೋಟಾರು ಒಟ್ಟಿಗೆ ಓಡುವಾಗ ಬಲ್ಬು ಕೆಂಡದ ಹಾಗೆ ಕೆಂಪಗಿರುತ್ತದೆ, ಮೋಟಾರುಗಳು ನಿಂತ ಕೂಡಲೇ ಕಣ್ಣು ಕುಕ್ಕುವಂತೆ ಉರಿಯುತ್ತದೆ. ಟಿ.ವಿ.ಗಳು ಸಾಯುತ್ತಿದ್ದದ್ದು ಆ ಒಂದು ಗಳಿಗೆಯಲ್ಲಿ. ಕೆಂಪಗೆ ಎಂದವರಿಗೆ, ಈ ಕಾಗದಕ್ಕೆ ಕೊಡೋದನ್ನ ಸ್ಟೆಬಿಲೈಸರಿಗೆ ಕೊಡಿ ಎಂದು ಹೇಳಿ ತಮ್ಮ ಟೈಪಿಗೆ ತಿರುಗಿಬಿಡುವರು.

ಒಬ್ಬರಿಗೆ ಮಾತ್ರ ಅವರೇ ಕಾರ್ಡು ಕೊಡಿಸಿದರು. ಶಿರಾದ ಕಡೆಯ ಒಬ್ಬ ಪ್ರೈಮರಿ ಶಾಲೆಯ ಟೀಚರಮ್ಮ, ಗಂಡ ಬೇಡವೆಂದರೂ ತಮ್ಮ ಸಂಬಳದಲ್ಲಿ ಉಳಿಸಿ ಟಿ.ವಿ. ಕೊಂಡಿದ್ದರು. ಷರತ್ತುಗಳನ್ನೆಲ್ಲ ಕೇಳಿಸಿಕೊಂಡ ಮೇಲೂ ಆಕೆ ಕಾರ್ಡು ಹಿಡಿದು ಸುಮ್ಮನೆ ನಿಂತಿದ್ದರು. ಮೇಡಂ ಒಂದು ನಿಮಿಷ ಆಕೆಯ ಮುಖ ನೋಡಿ, ನೀವು ತಗೊಳ್ಳಿ ಎಂದರು. ಆಕೆ ಹೋದ ಮೇಲೆ ನಾನು ಸ್ವಲ್ಪ ಕುಹಕವಾಗಿಯೇ, ಇವರಿಗೇಕೆ ಬೇರೆ ನ್ಯಾಯ ಎಂದು ಕೇಳಿದೆ.

"ಆ ಕಾಗದ ಟಿ.ವಿ.ಗಲ್ಲ, ಆಕೆ ಗಂಡನಿಗೆ" ಎಂದರು. "ನಾಳೆ ಕೆಟ್ಟರೆ, ನೋಡಿ ನಾನು ಮೊದಲೇ ಗ್ಯಾರಂಟಿ ಮಾಡ್ಸಿದೀನಿ ಅಂತ ತೋರ್ಸೋಕೆ ಆಕೆಗೆ ಏನಾದ್ರೂ ಬೇಕಲ್ಲ."

ಕಾರ್ಡಿನ ಕಟ್ಟು ಕರಗಲಿಲ್ಲ. ಹಿಂಬದಿ ಓದಬೇಡಿ ಎಂದು ಯಜಮಾನರು ಮೊದಲು ನಗುನಗುತ್ತಾ ಹೇಳಿದರು, ಆಮೇಲೆ ಬಿಗಿಯಾಗಿ ಹೇಳಿದರು. ಮೂರನೆಯ ಸಲ ನನ್ನೆದುರಿಗೇ, ಇದು ಹಿಂಗೇ ಆದರೆ ನೀವು ಬೇರೆ ಕಡೆ ನೋಡ್ಕೋಬೇಕಾಗ್ತದೆ ಎಂದರು. ಮರುದಿನ ಅವರ ಮೇಜು ಒಳಗಿನ ಕೋಣೆಗೆ ಹೋಯಿತು. ಬಾಗಿಲಿಗೆ ಒಂದು ಹೂವಿನ ಪರದೆ. ಆ ಮೇಜನ್ನು ಹೊತ್ತು ಒಳಗಿಟ್ಟವನು ನಾನೇ. ಅವರು ಟೈಪ್‌ರೈಟರನ್ನು ತಾವೇ ಎತ್ತಿಕೊಂಡು ಹಿಂದೆ ಬಂದರು.

ಪರದೆ ಬಿದ್ದರೂ ಜನ ಕೇಳುವುದು ಬಿಡಲಿಲ್ಲ. ಮೇಡಮ್ಮೋರು ಏನಂತಾರೆ, ಅವರು ಹೇಳ್ಲಿ ಎನ್ನುತ್ತಿದ್ದರು. ನನಗೆ ಕಿರಿಕಿರಿಯಾಗುತ್ತಿತ್ತು. ಮಾರುವವನು ನಾನು, ನಂಬುವುದು ಅವರನ್ನು.

ಪಾವಗಡ ತಾಲ್ಲೂಕಿನಲ್ಲಿ ನಿಡುಗಲ್ಲು ಬೆಟ್ಟದ ಆಚೆ ಒಂದು ಕುರಿಗಾರರ ಹಟ್ಟಿ ಇದೆ. ಅಲ್ಲಿಂದ ಕರಿಯಣ್ಣ ಎಂಬಾತ ತನ್ನ ಇಬ್ಬರು ತಮ್ಮಂದಿರೊಂದಿಗೆ ಬಂದ. ಹಟ್ಟಿಯವರೆಲ್ಲ ಸೇರಿ ಒಂದು ಟಿ.ವಿ. ತರುವುದೆಂದು ಗೊತ್ತು ಮಾಡಿ, ಕೈಲಾದಷ್ಟು ದುಡ್ಡು ಕೂಡಿಸಿ ಇವನನ್ನು ಕಳಿಸಿದ್ದರು. ಮೂರು ಮಂದಿಯೂ ಒಂದೊಂದು ಟಿ.ವಿ. ಮುಂದೆ ಕುಕ್ಕರುಗಾಲಲ್ಲಿ ಕೂತು, ಮರಿಯ ಹಲ್ಲು ನೋಡುವಷ್ಟು ಹೊತ್ತು ನೋಡಿದರು. ಒಂದನ್ನು ಆರಿಸಿದರು. ನಾನು ಹಳದಿ ಕಾರ್ಡು ತೆಗೆದೆ. ಕರಿಯಣ್ಣ ಅದನ್ನು ತಿರುವಿ ನೋಡಿ ನನಗೇ ವಾಪಸ್ಸು ಕೊಟ್ಟ.

"ಇಲ್ಲಿ ಒಬ್ಬ ಅಮ್ಮ ಓದಿ ಹೇಳ್ತಾರಂತಲ್ಲ. ಆಯಮ್ಮ ತಗಾ ಅಂದ್ರೆ ತಗಂತೀನಿ" ಎಂದ.

ಅವರು ಹತ್ತು ಹೆಜ್ಜೆಯಾಚೆ, ಪರದೆಯ ಹಿಂದೆ ಕೂತಿದ್ದರು. ಯಜಮಾನರು ಎದುರಿನ ಹೋಟೆಲಿನಲ್ಲಿದ್ದರು. ಕೇಳ್ಕೊಂಡು ಬರ್ತೀನಿ ಎಂದು ನಾನು ಪರದೆ ಸರಿಸಿ ಒಳಗೆ ಹೋದೆ. ಅವರು ತಲೆಯೆತ್ತಿದರು. ನಾನು ಒಂದು ಹಾಳೆ ಕಾರ್ಬನ್ ಪೇಪರ್ ಕೇಳಿದೆ. ಕೊಟ್ಟರು. ಅದನ್ನು ಹಿಡಿದು ಹೊರಗೆ ಬಂದು, "ಕೇಳ್ದೆ. ತಗೊಳ್ಳಿ ಅಂದ್ರು" ಎಂದೆ.

ಕರಿಯಣ್ಣ ಮತ್ತೆ ಕೇಳಲಿಲ್ಲ. ಟಿ.ವಿ. ಕೊಂಡ, ಕಾರ್ಡು ಕೊಂಡ. ನಾನು ಸ್ಟೆಬಿಲೈಸರಿನ ಮಾತೇ ಎತ್ತಲಿಲ್ಲ. ಅಣ್ಣತಮ್ಮಂದಿರು ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಾವಗಡದ ಬಸ್ಸು ಹತ್ತಿದರು. ಅವತ್ತು ನನಗೆ ಅಂಥ ದೊಡ್ಡ ತಪ್ಪು ಮಾಡಿದೆ ಅನ್ನಿಸಲೂ ಇಲ್ಲ, ಇದನ್ನು ಮುಚ್ಚಿಡಬಾರದು.

ಕಂಪನಿಯ ವರ್ಷ ಮುಗಿದು ಎರಡೋ ಮೂರೋ ತಿಂಗಳಾಗಿರಬೇಕು. ಅದೇ ಕಂಬಳಿಯಲ್ಲಿ ಸುತ್ತಿದ ಪೆಟ್ಟಿಗೆ ಮತ್ತೆ ಅಂಗಡಿಗೆ ಬಂತು. ಈ ಸಲ ಕರಿಯಣ್ಣನ ಜೊತೆ ತಮ್ಮಂದಿರು ಇರಲಿಲ್ಲ. ಬೇರೆ ನಾಲ್ಕು ಜನ ಬಂದಿದ್ದರು, ಅವನಿಂದ ಸ್ವಲ್ಪ ದೂರವೇ ನಿಂತಿದ್ದರು. "ಬೊಮ್ಮ ಪೋಯಿಂದಿ" ಎಂದ ಕರಿಯಣ್ಣ, ತೆಲುಗಿನಲ್ಲಿ. ಬೊಂಬೆ ಹೋಯಿತು, ಬರೀ ಸದ್ದು ಬರುತ್ತದೆ ಎಂದು. ಶಿರಾದಿಂದ ವಾರಕ್ಕೆರಡು ಸಲ ಬರುತ್ತಿದ್ದ ಮೆಕ್ಯಾನಿಕ್ ಸಾಬರು ಅವತ್ತು ಇದ್ದರು. ಹಿಂಬದಿ ಬಿಚ್ಚಿ, ಮೀಟರಿಟ್ಟು ನೋಡಿ, ಟ್ಯೂಬು ಖಲಾಸ್, ವೋಲ್ಟೇಜ್ ಹೊಡೆದಿದೆ ಎಂದರು. ಯಜಮಾನರು ಹಳದಿ ಕಾರ್ಡನ್ನು ತಿರುಗಿಸಿ ಎರಡು ಸಾಲಿನ ಮೇಲೆ ಬೆರಳಿಟ್ಟು, ಕಾರ್ಡಲ್ಲೇ ಬರೆದದೆ, ನಾವೇನು ಮಾಡೋ ಹಂಗಿಲ್ಲ ಎಂದು ಹೇಳಿ ಎದುರಿನ ಹೋಟೆಲಿಗೆ ಹೋದರು.

ಕರಿಯಣ್ಣ ಕೂಗಾಡಲಿಲ್ಲ. ನೇರವಾಗಿ ಪರದೆಯ ಹತ್ತಿರ ಹೋಗಿ, ಹೊರಗಿನಿಂದಲೇ ಅಮ್ಮಾ ಎಂದು ಕರೆದ. ಅವರು ಎದ್ದು ಬಂದರು. ಕನ್ನಡಕ ಕೈಯಲ್ಲಿತ್ತು.

"ಅಮ್ಮಾ, ಇದನ್ನ ತಗಳಿ ಅಂತ ನೀವೇ ಹೇಳಿದ್ರಾ?"

ಅವರು ಕರಿಯಣ್ಣನನ್ನೂ ಟಿ.ವಿ.ಯನ್ನೂ ನೋಡಿದರು. ನನ್ನ ಕಡೆ ನೋಡಲಿಲ್ಲ.

"ಹೌದು" ಎಂದರು. "ನಾನೇ ಹೇಳಿದ್ದು."

"ನೀವ್ ಹೇಳಿದ್ರಿ ಅಂತ ನಾನ್ ನಮ್ಮೋರಿಗೆ ಹೇಳ್ಬುಟ್ಟೆ ಕಣಮ್ಮ. ಇವಾಗ ಅವರು ನಾನೇ ದುಡ್ಡು ತಿಂದು ಕೆಟ್ಟ ಡಬ್ಬ ತಂದೆ ಅಂತಾರೆ. ನಾನೇನು ಹೇಳ್ಲಿ?"

"ನೀವೇನೂ ಹೇಳ್ಬೇಡಿ. ಭಾನುವಾರ ನಾನೇ ಬಂದು ಹೇಳ್ತೀನಿ."

ಹಟ್ಟಿಯವರೆಲ್ಲ ಹೋದ ಮೇಲೆ ನಾನು ಒಳಗೆ ಹೋಗಿ ಪರದೆಯ ಬಳಿ ನಿಂತೆ. ಅವರು ಟೈಪು ಮಾಡುತ್ತಿದ್ದರು. ನಾನು ಬಾಯಿ ಬಿಡುವ ಮುಂಚೆಯೇ, ಭಾನುವಾರ ನೀವೂ ಬನ್ನಿ, ಆ ದಾರಿ ನನಗೆ ಗೊತ್ತಿಲ್ಲ ಎಂದರು. ಅಷ್ಟೇ.

ನಾನು ಹೋದೆ. ಪಾವಗಡದ ಬಸ್ಸಿನಲ್ಲಿ ಹೋಗಿ, ನಿಡುಗಲ್ಲಿನ ದಾರಿಯಲ್ಲಿಳಿದು, ಕಲ್ಲುಹಾದಿಯಲ್ಲಿ ನಡೆದೆವು. ಬೆಟ್ಟದ ಬಂಡೆ ಕಾದು ಮುಖಕ್ಕೆ ಬಿಸಿ ಹೊಡೆಯುತ್ತಿತ್ತು. ಅವರಿಗೆ ನಡೆದು ಅಭ್ಯಾಸವಿರಲಿಲ್ಲ, ಮೂರು ಕಡೆ ಕೂತರು. ಅಲ್ಲಿಯೇ ಹೇಳಿಬಿಡಬೇಕೆಂದು ನಾನು ಮೂರು ಸಲವೂ ಅಂದುಕೊಂಡೆ.

ಹಟ್ಟಿಯಲ್ಲಿ ಜನ ಬೇವಿನ ಮರದ ಕೆಳಗೆ ಸೇರಿದರು. ಕರಿಯಣ್ಣ ಒಂದು ಪಕ್ಕ ಒಬ್ಬನೇ ನಿಂತಿದ್ದ. ಮೇಡಂ ಬ್ಯಾಗಿನಿಂದ ಕಾರ್ಡನ್ನೂ ಸ್ಕೇಲನ್ನೂ ತೆಗೆದು, ನಿಂತುಕೊಂಡೇ ಹನ್ನೊಂದು ಷರತ್ತನ್ನೂ ಕನ್ನಡದಲ್ಲಿ ಓದಿದರು. ತೆಲುಗು ಮಾತಾಡುವ ಮುದುಕರಿಗೆ ಒಬ್ಬ ತೆಲುಗಿನಲ್ಲಿ ಹೇಳುತ್ತಿದ್ದ. ಅವನು ಹೇಳಿ ಮುಗಿಸುವವರೆಗೆ ಸ್ಕೇಲು ಆ ಸಾಲಿನ ಕೆಳಗೇ ಇರುತ್ತಿತ್ತು. ಕೊನೆಗೆ, ಕರಿಯಣ್ಣ ಒಂದು ಪೈಸೆ ತಿಂದಿಲ್ಲ, ಟಿ.ವಿ. ಚೆನ್ನಾಗಿರೋದೇ ತಂದಿದ್ದರು, ಕರೆಂಟಿನಿಂದ ಹೋಗಿದೆ, ಈ ಕಾಗದ ಅದಕ್ಕೆ ಆಗಿಬರೋದಿಲ್ಲ, ಅದನ್ನ ಅವರಿಗೆ ಮೊದಲೇ ಹೇಳಬೇಕಾಗಿದ್ದದ್ದು ನಾನು ಎಂದರು.

ಒಬ್ಬ ಮುದುಕಿ ಮುಂದೆ ಬಂದಳು. "ಇಷ್ಟೆಲ್ಲ ಗೊತ್ತಿದ್ದೋಳು ಯಾಕವ್ವ ತಗಳಿ ಅಂದೆ?" ಎಂದು ಕೇಳಿದಳು. ಬೈಯುವ ದನಿಯಲ್ಲ, ತಿಳಿದುಕೊಳ್ಳುವ ದನಿ.

ಅವರು ಕಾರ್ಡನ್ನೂ ಸ್ಕೇಲನ್ನೂ ಬ್ಯಾಗಿಗೆ ಹಾಕಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಹೇಳುವುದಕ್ಕೆ ನಾಲ್ಕು ಶಬ್ದ ಸಾಕಿತ್ತು. ಅಂಗಡಿಯಿಂದ ಮೋಸವಾಯಿತೆಂದು ಅಷ್ಟು ಜನರ ಮುಂದೆ ಹೇಳಿದರೆ ಮಾತು ಯಜಮಾನರವರೆಗೆ ಹೋಗುತ್ತದೆ, ಕೆಲಸ ಹೋಗುತ್ತದೆ, ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು ಎಂದು ಲೆಕ್ಕ ಹಾಕುತ್ತಾ ನಿಂತೆ. ಮುದುಕಿ ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ಸರಿದಳು.

ವಾಪಸ್ಸು ಬಸ್ಸಿನಲ್ಲಿ ಬಹಳ ದೂರ ಅವರು ಕಿಟಕಿಯಾಚೆ ನೋಡುತ್ತಿದ್ದರು. ಹಮಾಲಿಯಿಂದ ಹಿಡಿದು ಯಾರನ್ನೂ ಏಕವಚನದಲ್ಲಿ ಮಾತಾಡಿಸದವರು, ಅವತ್ತು ನನ್ನನ್ನು ನೀನು ಎಂದರು.

"ನೀನು ಕಾರ್ಬನ್ ಪೇಪರ್ ಇಸ್ಕೊಂಡು ಹೊರಗೆ ಹೋಗಿ ಅವರಿಗೆ ಹೇಳಿದ್ದು ನನಗೆ ಕೇಳಿಸ್ತು. ಪರದೆ ತಾನೆ, ಗೋಡೆ ಅಲ್ವಲ್ಲ. ಎದ್ದು ಬಂದು ಇಲ್ಲ ಅನ್ನಬೇಕಾಗಿತ್ತು. ಅನ್ನಲಿಲ್ಲ. ಯಜಮಾನ್ರು ಮೂರು ಸಲ ಹೇಳಿದ್ರು, ನಾಲ್ಕನೇ ಸಲಕ್ಕೆ ಹೆದರಿಕೊಂಡೆ. ಅದಕ್ಕೇ ಮೊನ್ನೆ ಅಂಗಡೀಲಿ ನಾನೇ ಹೇಳಿದ್ದು ಅಂದೆ. ನಿನ್ನ ಉಳಿಸೋಕೆ ಅಂದ್ಕೋಬೇಡ."

ನಾನು ತಪ್ಪಾಯಿತು ಎಂದೆನೋ ಇಲ್ಲವೋ ಈಗ ನೆನಪಿಲ್ಲ. ಮಧುಗಿರಿಯಲ್ಲಿ ನಾನು ಇಳಿದೆ. ಅವರು ಅದೇ ಬಸ್ಸಿನಲ್ಲಿ ಕೊರಟಗೆರೆಗೆ ಮುಂದುವರಿದರು.

ಹಟ್ಟಿಗೆ ಹೋಗಿ ಕಾರ್ಡು ಓದಿದ ವಿಷಯ ಯಜಮಾನರಿಗೆ ವಾರದೊಳಗೆ ತಿಳಿಯಿತು. ಮೇಡಂ ಅವರನ್ನು ಕೆಲಸದಿಂದ ಬಿಡಿಸಿದರು. ಹೋಗುವ ದಿನವೂ ಸಂಜೆಯವರೆಗೆ ಕೂತು, ಬಾಕಿ ಇದ್ದ ಕಾಗದಗಳನ್ನೆಲ್ಲ ಟೈಪು ಮಾಡಿ ಮುಗಿಸಿದರು. ಆಮೇಲೆ ಕೊರಟಗೆರೆಯ ತಾಲ್ಲೂಕು ಕಛೇರಿಯೆದುರು ಒಂದು ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದರು. ಅಲ್ಲಿಂದಲೇ ಕಂಪನಿಗೆ ಕರಿಯಣ್ಣನ ಪರವಾಗಿ ಕಾಗದದ ಮೇಲೆ ಕಾಗದ ಬರೆದು, ಕೊನೆಗೆ ಕಡಿಮೆ ಬೆಲೆಗೆ ಒಂದು ಟ್ಯೂಬು ತರಿಸಿಕೊಟ್ಟರಂತೆ. ಸಾಬರು ಹೋಗಿ ಹಾಕಿಬಂದರು. ಅಷ್ಟರಲ್ಲಿ ಕರಿಯಣ್ಣನ ತಮ್ಮಂದಿರು ಅವನಿಂದ ಬೇರೆಯಾಗಿ, ಕುರಿಗಳನ್ನು ಪಾಲು ಮಾಡಿಕೊಂಡು ಹೋಗಿಯಾಗಿತ್ತು. ಟಿ.ವಿ.ಯೊಂದೇ ಕಾರಣವೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ನಾನು ಅದೇ ಅಂಗಡಿಯಲ್ಲಿ ಉಳಿದೆ. ಹಳದಿ ಕಾರ್ಡು ಮಾರಿದೆ. ಕೊರಟಗೆರೆಯ ಮೇಲೆ ಹಾಯುವಾಗಲೆಲ್ಲ ತಾಲ್ಲೂಕು ಕಛೇರಿ ಬರುವ ಹೊತ್ತಿಗೆ ಬಸ್ಸಿನ ಇನ್ನೊಂದು ಪಕ್ಕ ನೋಡುತ್ತಿದ್ದೆ. ಎರಡು ವರ್ಷ ಹೀಗೆ ನೋಡಿದೆ. ಇನ್ನು ಯಾವ ಪಕ್ಕ ನೋಡಿದರೂ ಒಂದೇ.

ಸುದ್ದಿ ಕೇಳಿದ ಮೇಲಿನ ಭಾನುವಾರ ನಾನು ಹಟ್ಟಿಗೆ ಹೋದೆ. ಕರಿಯಣ್ಣ ಗುಡಿಸಲ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಅವರು ತೀರಿಕೊಂಡದ್ದನ್ನು ಮೊದಲು ಹೇಳಿದೆ. ಆಮೇಲೆ ಪರದೆ, ಕಾರ್ಬನ್ ಪೇಪರು, ನನ್ನ ಸುಳ್ಳು, ಎಲ್ಲ ಹೇಳಿದೆ. ಅವನ ಕೈ ನಿಂತಿತು. ಹೊಡೆದರೆ ಹೊಡೆಯಲಿ ಎಂದು ಕೂತಿದ್ದೆ.

"ಆಯಮ್ಮ ಬಂದ ದಿನ ನಮ್ಮ ಹಟ್ಟೀಲಿ ಯಾರೂ ಒಂದು ಲೋಟ ನೀರು ಕೊಡ್ಲಿಲ್ಲ ಕಣಪ್ಪ" ಎಂದ. "ನಾನೂ ಕೊಡ್ಲಿಲ್ಲ. ನಂಬ್ಸಿ ಕುತ್ತಿಗೆ ಕೊಯ್ದೋಳು ಅಂತ ಕ್ವಾಪ ಇತ್ತು. ಆ ಬಿಸ್ಲಲ್ಲಿ ಹಂಗೇ ಕಳಿಸ್ಬುಟ್ಟೆ. ನೀನು ಅವತ್ತೇ ಹೇಳಿದ್ರೆ ಕರೆದು ಉಣ್ಣಾಕೆ ಇಕ್ತಿದ್ದೆ."

ಎದ್ದು ಒಳಗೆ ಹೋದ. ಹೊರಗೆ ಬರುವಾಗ ಕೈಯಲ್ಲಿ ತಟ್ಟೆಯಿತ್ತು, ಮುದ್ದೆ, ಸೊಪ್ಪಿನ ಸಾರು. ನನ್ನ ಮುಂದೆ ಇಟ್ಟು, ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟ. ನಾನು ಕೈ ಹಾಕದೆ ಕೂತಿದ್ದೆ.

"ಉಣ್ಣು" ಎಂದ.

ಅವನ ಎದುರಿಗೇ ಕೂತು ಪೂರ್ತಿ ಉಂಡೆ.